ನಡುವೆ ಎಷ್ಟು ಮಾರು

ಟಾಂಜಾನಿಯಾದ ಗೊರೊಂಗೊರೊ ಎಂಬ ಪುರಾತನ ಜ್ವಾಲಾಮುಖಿಯ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿ, ಹುಲ್ಲುಗಾವಲೊಂದರ ಮೇಲೆ ಹೂಡಿದ್ದ ಬಟ್ಟೆಯ ಡೇರೆಯೊಳಗೆ ಮಲಗಿದ್ದ ನನ್ನನ್ನು ನಡುರಾತ್ರಿಯಲ್ಲಿ ಎಬ್ಬಿಸಿದುದು, ಹುಲ್ಲನ್ನು ಹಿಡಿಹಿಡಿಯಾಗಿ ಕಿತ್ತು ಸಾವಕಾಶವಾಗಿ ಅಗಿಯುತ್ತಿದ್ದ ಒಂದು ಸದ್ದು. ಕೊಟ್ಟಿಗೆಗೂ ಪಡಸಾಲೆಗೂ ನಡುವೆ ಒಂದೇ ಗೋಡೆಯಿದ್ದ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಅದು ತೀರ ಪರಿಚಿತವಾದ ಧ್ವನಿ. ಆದುದರಿಂದ ಅರೆನಿದ್ದೆಯಲ್ಲಿ ಒಂದೆರಡು ಕ್ಷಣ ನಾನು, ನಮ್ಮ ಮನೆಯ ಎಮ್ಮೆ ಗೋದಲೆಯ ಬಳಿ ಎದ್ದು ನಿಂತಿರುವುದೆಂದೇ ಭಾವಿಸಿ, ಮಗ್ಗುಲು ಬದಲಿಸಿ, ಮತ್ತೆ ಕಣ್ಣು ಮುಚ್ಚಿದೆನು. ಆಮೇಲೆ ಒಂದು ಮುಸುಡಿ ಡೇರೆಯ ಬಟ್ಟೆಯನ್ನು ಒಳಕ್ಕೆ ಒತ್ತಿತು. ಬೆಚ್ಚನೆಯ ದೀರ್ಘವಾದ ಉಸಿರೊಂದು ಆ ಬಟ್ಟೆಯ ಮೂಲಕ ನನ್ನ ಕೆನ್ನೆಗೆ ತಾಗಿತು. ತಾಗಿದೊಡನೆಯೆ ನಾನೆಲ್ಲಿರುವೆನೆಂಬುದು ಮೈಯೆಲ್ಲಕ್ಕೂ ಏಕಕಾಲದಲ್ಲಿ ತಿಳಿಯಿತು.

ಸಂಜೆ ಬೆಂಕಿಯ ಬಳಿ ಕುಳಿತಿದ್ದಾಗ ನಮ್ಮ ಮಾರ್ಗದರ್ಶಿಗಳು ಎರಡೇ ಮಾತುಗಳಲ್ಲಿ ಎಚ್ಚರಿಕೆಯನ್ನು ಹೇಳಿ ಮುಗಿಸಿದ್ದರು: ಡೇರೆಯೊಳಗೆ ಒಂದು ಬಾಳೆಯ ಹಣ್ಣನ್ನಾದರೂ ಇಟ್ಟುಕೊಳ್ಳತಕ್ಕದ್ದಲ್ಲ, ಯಾವ ಸದ್ದು ಕೇಳಿಬಂದರೂ ಬೆಳಗಾಗುವ ತನಕ ಹೊರಕ್ಕೆ ಕಾಲಿಡತಕ್ಕದ್ದಲ್ಲ. ಅವರು ಅರುವತ್ತು ದಾಟಿದ ಹಿರಿಯರು; ಆ ನಾಡಿನಲ್ಲಿ ಹಿರಿಯರನ್ನು ಹೆಸರು ಹಿಡಿದು ಕೂಗದೆ ‘ಮ್ಜೀ’ ಎಂದು ಕರೆಯುವುದು ವಾಡಿಕೆಯಾದುದರಿಂದ ನಾನೂ ಹಾಗೆಯೇ ಕರೆಯುತ್ತಿದ್ದೆನು. ಅವರ ಮಾತಿನಂತೆ ನಾನು ಬೆಳಗಾಗುವವರೆಗೂ ಕದಲದೆ ಮಲಗಿದ್ದು, ಹುಲ್ಲು ಕೀಳುವ ಸದ್ದು ಡೇರೆಯನ್ನು ಒಂದು ಸುತ್ತು ಬಳಸಿ ದೂರವಾಗುವುದನ್ನು ಕೇಳುತ್ತಿದ್ದೆನು. ಹೊತ್ತು ಮೂಡಿದ ಮೇಲೆ ಮ್ಜೀ ಬಂದು, ಇಬ್ಬನಿ ಹಿಡಿದ ನೆಲದ ಮೇಲಿನ ಗೊರಸಿನ ಗುರುತನ್ನೂ ಸಗಣಿಯನ್ನೂ ನೋಡಿ, ‘ನ್ಯಾತಿ’ ಎಂದರು, ಕಾಡೆಮ್ಮೆ, ಹಿಂಡನ್ನು ಬಿಟ್ಟು ಒಂಟಿಯಾಗಿ ತಿರುಗುವ ಮುದಿಗೂಳಿ. ಏಳೆಂಟು ನೂರು ಕಿಲೋ ತೂಗಬಲ್ಲ ಆ ಪ್ರಾಣಿಯ ಗೊರಸಿನಿಂದ ನನ್ನ ತಲೆದಿಂಬಿನವರೆಗೆ ಕೈಯಿಂದ ಅಳೆದು ನೋಡಿದೆನು: ಮೂರು ಮೊಳ. ಒಂದು ಮಾರು ಕೂಡ ಆಗಲಿಲ್ಲ.

ಪೂರ್ವ ಆಫ್ರಿಕದಲ್ಲಿ ನಾನು ಕಂಡ ಪ್ರಾಣಿಗಳ ಭಾವಚಿತ್ರಗಳು ನನ್ನಲ್ಲಿ ನೂರಾರು ಇವೆ. ಆದರೆ ಕಣ್ಣು ಮುಚ್ಚಿ ನೆನೆದಾಗ ಮೊದಲು ಮನಸ್ಸಿಗೆ ಬರುವುದು ಪ್ರಾಣಿಯ ರೂಪಕ್ಕಿಂತ ಮುಂಚಿತವಾಗಿ, ಅದಕ್ಕೂ ನನಗೂ ನಡುವೆ ಆಗ ಇದ್ದ ನೆಲದ ಅಳತೆ. ಆನೆಯಿಂದ ಸಾವಿರ ಮೊಳ ದೂರವಿರತಕ್ಕದ್ದೆಂದು ನಮ್ಮ ಪ್ರಾಚೀನರು ವಿಧಿಸಿದಾಗ ಅವರು ಕಂಡುಕೊಂಡಿದ್ದುದನ್ನೇ, ಸ್ವಿಟ್ಜರ್ಲೆಂಡಿನ ಪ್ರಾಣಿವಿಜ್ಞಾನಿ ಹೈನಿ ಹೆಡಿಗರ್ ಕಳೆದ ಶತಮಾನದಲ್ಲಿ ಶಾಸ್ತ್ರವಾಗಿ ನಿರೂಪಿಸಿದನು: ಪ್ರತಿಯೊಂದು ಮೃಗದ ಸುತ್ತಲೂ ಕಣ್ಣಿಗೆ ಕಾಣದ ಗೆರೆಯೊಂದುಂಟು, ಶತ್ರುವು ಆ ಗೆರೆಯನ್ನು ದಾಟಿದರೆ ಮೃಗವು ಓಡುವುದು, ಓಡಲು ಎಡೆಯಿಲ್ಲದೆ ಒಳಗಿನ ಇನ್ನೊಂದು ಗೆರೆಯನ್ನೂ ಅವನು ದಾಟಿದನಾದರೆ ತಿರುಗಿ ಮೇಲೆ ಬೀಳುವುದು. ಈ ಎರಡು ಗೆರೆಗಳ ನಡುವಣ ಭೂಮಿಯಲ್ಲಿಯೇ ನಾನು ಹೇಳಹೊರಟಿರುವ ಎಲ್ಲವೂ ನಡೆದುದು.

‘ಸಫಾರಿ’ ಎಂಬುದು ಅರಬ್ಬಿಯಿಂದ ಸ್ವಾಹಿಲಿಗೆ ಬಂದ ಮಾತು. ಪ್ರಯಾಣವೆಂಬುದಷ್ಟೇ ಅದರ ಅರ್ಥ. ಆ ಭಾಷೆಯಲ್ಲಿ ನಮ್ಮ ಕಿವಿಗೆ ನೆಂಟರಂತೆ ಕೇಳಿಸುವ ಮಾತುಗಳು ಬೇರೆಯೂ ಇವೆ: ಭಾರತದಿಂದ ಹೋದ ‘ಗಾಡಿ’ ಅಲ್ಲಿ ‘ಗಾರಿ’ಯಾಗಿದೆ. 1951ರಲ್ಲಿ ರಾಷ್ಟ್ರೀಯ ಉದ್ಯಾನವಾದ, ಸುಮಾರು 14,760 ಚದರ ಕಿಲೋಮೀಟರ್ ವಿಸ್ತಾರವುಳ್ಳ ಸೆರೆಂಗೆಟಿಯಲ್ಲಿ ನಾವು ಇಡೀ ದಿವಸ ಕಳೆಯುತ್ತಿದ್ದುದು ಈ ಗಾರಿಯಲ್ಲಿಯೇ, ಕೆಳಗಿಳಿಯುವುದು ನಿಷಿದ್ಧ. ಬಯಲಿನ ನಡುವೆ ದ್ವೀಪಗಳಂತೆ ಎದ್ದು ನಿಂತಿರುವ ಹೆಬ್ಬಂಡೆಗಳ ಬಳಿ, ನೆರಳೆಂಬುದು ಎಲ್ಲಿಯೂ ಇಲ್ಲದ ಒಂದು ಮಧ್ಯಾಹ್ನ, ಬಂಡೆಯ ಮೇಲೆ ಮಲಗಿದ್ದ ಸಿಂಹಿಣಿಯೊಂದು ಎದ್ದು, ಇಳಿದು, ನೇರವಾಗಿ ನಮ್ಮ ಕಡೆಗೆ ನಡೆದು ಬಂದು, ಗಾರಿಯ ನೆರಳಿನಲ್ಲಿ, ಹಿಂಬದಿಯ ಚಕ್ರಕ್ಕೆ ಬೆನ್ನು ಕೊಟ್ಟು ಮಲಗಿತು. ಮ್ಜೀ ಒಂದು ಬೆರಳನ್ನು ಮಾತ್ರ ಎತ್ತಿ ತೋರಿಸಿದರು. ನಾನು ತೆರೆದ ಕಿಟಕಿಯಿಂದ ಮೊಳಕೈಯನ್ನು ಮೆಲ್ಲನೆ ಒಳಕ್ಕೆ ತೆಗೆದುಕೊಂಡೆನು.

ಅದರ ಕಿವಿಯಂಚಿನ ಹಳೆಯ ಹರಕನ್ನೂ, ಮೂಗಿನ ಮೇಲೆ ಕುಳಿತಿದ್ದ ನೊಣಗಳನ್ನೂ, ಉಸಿರಾಟಕ್ಕೆ ಏರಿ ಇಳಿಯುತ್ತಿದ್ದ ಪಕ್ಕೆಯನ್ನೂ ನಾನು ಎಣಿಸಬಹುದಾದಷ್ಟು ಹತ್ತಿರದಿಂದ ನೋಡಿದೆನು. ಒಮ್ಮೆ ಅದು ತಲೆಯೆತ್ತಿ ನನ್ನ ಮುಖವನ್ನೇ ನೋಡಿತು. ಜೇನಿನ ಬಣ್ಣದ ಆ ಕಣ್ಣುಗಳು ನನ್ನ ಮೇಲೆ ನಿಂತು, ನನ್ನಲ್ಲಿ ನಿಲ್ಲಲು ಏನನ್ನೂ ಕಾಣದೆ, ನನ್ನ ಹಿಂದಿನ ದಿಗಂತಕ್ಕೆ ಹೋದವು. ಗಾರಿಯೊಂದಿಗೆ ಬೆಸೆದುಹೋಗಿರುವ ತನಕ ಮನುಷ್ಯನನ್ನು ಅದು ಮನುಷ್ಯನೆಂದು ಎಣಿಸುವುದಿಲ್ಲವೆಂದೂ, ಎದ್ದು ನಿಂತರೆ ಅಥವಾ ಕಾಲನ್ನು ಹೊರಗಿಟ್ಟರೆ ಆ ಆಕೃತಿ ಒಡೆದು, ಅದರ ಕಣ್ಣಿನಲ್ಲಿ ನಾವು ಒಡನೆಯೆ ಬೇರೊಂದು ವಸ್ತುವಾಗುವೆವೆಂದೂ ಮ್ಜೀ ಆಮೇಲೆ ವಿವರಿಸಿದರು. ನಲವತ್ತು ನಿಮಿಷಗಳ ಕಾಲ ನಾವು ಅದಕ್ಕೆ ಒಂದು ಮರವಾಗಿದ್ದೆವು. ದೂರದಲ್ಲಿ ವೈಲ್ಡ್‌ಬೀಸ್ಟ್‌ಗಳ ಸಾಲೊಂದು ಧೂಳೆಬ್ಬಿಸುತ್ತ ಸಾಗುವುದು ಕಂಡಾಗ (ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಮಳೆಯನ್ನು ಹಿಂಬಾಲಿಸಿ ವರ್ಷವೆಲ್ಲ ಸುತ್ತುವ ಆ ಮಹಾಯಾತ್ರೆಯನ್ನು ವರ್ಣಿಸಲು ಬೇರೆಯೇ ಲೇಖನ ಬೇಕು) ಸಿಂಹಿಣಿ ಎದ್ದು, ಮೈ ಮುರಿದು, ನಮ್ಮನ್ನು ತಿರುಗಿಯೂ ನೋಡದೆ ಹುಲ್ಲಿನೊಳಗೆ ಕರಗಿಹೋಯಿತು.

ಆ ಅಂತರವು ಇಲ್ಲವೇ ಇಲ್ಲವಾದಾಗ ಆಗುವ ಅನುಭವವನ್ನು ಬರೆದಿಟ್ಟವರು ವಿರಳ. ಅಂಥವರಲ್ಲಿ ಧರ್ಮಪ್ರಚಾರಕನಾದ ಡೇವಿಡ್ ಲಿವಿಂಗ್‌ಸ್ಟನ್ ಒಬ್ಬನು. 1844ರಲ್ಲಿ, ಈಗಿನ ದಕ್ಷಿಣ ಆಫ್ರಿಕದ ಮಬೊತ್ಸಾ ಎಂಬಲ್ಲಿ, ಗುಂಡು ತಗುಲಿದ್ದ ಸಿಂಹವೊಂದು ಅವನು ಬಂದೂಕಿಗೆ ಮತ್ತೆ ಮದ್ದು ತುಂಬುತ್ತಿದ್ದಾಗ ಎಗರಿ, ಭುಜವನ್ನು ಕಚ್ಚಿ ಹಿಡಿದು ಕೊಡಹಿತು. ತೋಳಿನ ಮೂಳೆ ಚೂರುಚೂರಾಯಿತು. ಹನ್ನೊಂದು ಹಲ್ಲುಗಳ ಗಾಯ ಉಳಿಯಿತು. ಆದರೆ ಆ ಹೊತ್ತಿನಲ್ಲಿ ತನಗೆ ನೋವಾಗಲಿ ಭಯವಾಗಲಿ ಇರಲಿಲ್ಲವೆಂದೂ, ನಡೆಯುತ್ತಿರುವುದೆಲ್ಲವೂ ಸ್ಪಷ್ಟವಾಗಿ ತಿಳಿಯುತ್ತಿದ್ದರೂ ಸ್ವಪ್ನದಂಥ ಒಂದು ಮಂಪರು ಆವರಿಸಿತ್ತೆಂದೂ ಅವನು ಬರೆದಿದ್ದಾನೆ. ಈ ಪ್ರಸಂಗದಲ್ಲಿ ನನ್ನ ಮನಸ್ಸು ಅವನಿಗಿಂತ ಹೆಚ್ಚಾಗಿ ಮೆಬಾಲ್ವೆ ಎಂಬ ಆಫ್ರಿಕದ ಉಪಾಧ್ಯಾಯನ ಮೇಲೆ ನಿಲ್ಲುತ್ತದೆ. ಆರೇಳು ಮಾರು ದೂರದಿಂದ ಅವನು ಗುರಿಯಿಟ್ಟ ಬಂದೂಕಿನ ಎರಡು ನಳಿಗೆಗಳೂ ಸಿಡಿಯಲಿಲ್ಲ. ಸಿಂಹವು ಲಿವಿಂಗ್‌ಸ್ಟನ್ನನ್ನು ಬಿಟ್ಟು ಅವನ ತೊಡೆಯನ್ನು ಹಿಡಿಯಿತು. ಭರ್ಜಿಯಿಂದ ತಿವಿಯಬಂದ ಇನ್ನೊಬ್ಬನ ಭುಜವನ್ನೂ ಕಚ್ಚಿ, ಆಮೇಲೆ ಮೊದಲಿನ ಗುಂಡುಗಳ ಪ್ರಭಾವದಿಂದ ಸತ್ತುಬಿದ್ದಿತು. ಮೂವತ್ತು ವರ್ಷಗಳ ತರುವಾಯ, ಚುಮಾ ಮತ್ತು ಸುಸಿ ಎಂಬ ಅನುಚರರು ಆಫ್ರಿಕದ ಒಳನಾಡಿನಿಂದ ಕಡಲತೀರದವರೆಗೆ ಹೊತ್ತು ತಂದ ಶವವು ಇಂಗ್ಲೆಂಡನ್ನು ಮುಟ್ಟಿದಾಗ, ಅದು ಲಿವಿಂಗ್‌ಸ್ಟನ್ನನದೇ ಎಂದು ವೈದ್ಯರು ನಿರ್ಧರಿಸಿದುದು ಸರಿಯಾಗಿ ಕೂಡಿಕೊಳ್ಳದ ಆ ತೋಳಿನ ಮೂಳೆಯನ್ನು ನೋಡಿ.

ಮೊಂಬಾಸಾದಿಂದ ನೈರೋಬಿಗೆ ಹೋಗುವ ರೈಲಿನ ಕಿಟಕಿಯಿಂದ, ಕೆಮ್ಮಣ್ಣಿನಲ್ಲಿ ಹೊರಳಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದ ತ್ಸಾವೊದ ಆನೆಗಳನ್ನು ನೋಡುತ್ತ ಕುಳಿತಾಗ, ಗೊರೊಂಗೊರೊದ ನನ್ನ ಡೇರೆಯ ನೆನಪು ಬೇರೊಂದು ಭಾರದಿಂದ ಮರಳಿ ಬಂದಿತು. ಆ ದಾರಿಯ ಹಳೆಯ ರೈಲುಹಳಿಯನ್ನು ಹಾಸಲು 1896ರಿಂದ 1901ರವರೆಗೆ ಸುಮಾರು 32,000 ಭಾರತೀಯ ಕೂಲಿಗಳು, ಬಹುಮಟ್ಟಿಗೆ ಪಂಜಾಬಿನವರು, ಕರಾರಿನ ಮೇಲೆ ಕಡಲು ದಾಟಿ ಬಂದರು. ಅವರಲ್ಲಿ ಸುಮಾರು 2,500 ಮಂದಿ ಹಿಂದಿರುಗಲಿಲ್ಲ. ಬಹುಪಾಲು ಜನರನ್ನು ಕೊಂದುದು ರೋಗ ಮತ್ತು ಅಪಘಾತ. ಆದರೆ 1898ರಲ್ಲಿ, ತ್ಸಾವೊ ನದಿಗೆ ಸೇತುವೆ ಕಟ್ಟುತ್ತಿದ್ದಾಗ, ಕೇಸರವಿಲ್ಲದ ಎರಡು ಗಂಡುಸಿಂಹಗಳು ತಿಂಗಳುಗಟ್ಟಲೆ ರಾತ್ರಿಯ ಹೊತ್ತು ಡೇರೆಗಳಿಗೆ ನುಗ್ಗಿ ಮಲಗಿದ್ದವರನ್ನು ಎಳೆದುಕೊಂಡು ಹೋದವು. ಮುಳ್ಳುಬೇಲಿ ಹಾಕಿದರು, ಬೇಲಿಯನ್ನು ಅವು ನುಸುಳಿದವು. ಮರಗಳ ಮೇಲೆ ಮಂಚ ಕಟ್ಟಿಕೊಂಡರು. ಡೇರೆಯೊಳಗೆ ಗುಂಡಿ ತೋಡಿ, ಮೇಲೆ ದಿಮ್ಮಿಗಳನ್ನು ಮುಚ್ಚಿಕೊಂಡು ಮಲಗಿದರು. ಡಿಸೆಂಬರಿನ ಮೊದಲಲ್ಲಿ ನೂರಾರು ಮಂದಿ ಹಳಿಯ ಮೇಲೆ ಬಿದ್ದು ರೈಲನ್ನು ತಡೆದು, ಅದನ್ನು ಹತ್ತಿ ಹೊರಟೇಹೋದರು. ಆ ತಿಂಗಳ 9ರಂದು ಒಂದನ್ನೂ 29ರಂದು ಇನ್ನೊಂದನ್ನೂ ಇಂಜಿನಿಯರ್ ಪ್ಯಾಟರ್ಸನ್ ಗುಂಡಿಟ್ಟು ಕೊಂದನು.

ಸತ್ತವರು 135 ಮಂದಿ ಎಂದು ಒಂದು ಕಾಲದಲ್ಲಿ ಪ್ರಚಾರವಾಗಿತ್ತು; ಚಿಕಾಗೋದ ವಸ್ತುಸಂಗ್ರಹಾಲಯದಲ್ಲಿರುವ ಆ ಸಿಂಹಗಳ ಮೂಳೆಯನ್ನೂ ಕೂದಲನ್ನೂ ಪರೀಕ್ಷಿಸಿದ ವಿಜ್ಞಾನಿಗಳು 2009ರಲ್ಲಿ, ಅವು ತಿಂದುದು ಸುಮಾರು 35 ಮಂದಿಯನ್ನಿರಬೇಕೆಂದು ಅಂದಾಜು ಮಾಡಿದರು. ಒಂದು ಸಿಂಹದ ಕೋರೆಹಲ್ಲಿನ ಬುಡದಲ್ಲಿ ಕೀವು ತುಂಬಿದ್ದ ಗುರುತೂ ಸಿಕ್ಕಿತು. ಕಾಡೆಮ್ಮೆಯ ಕೊರಳನ್ನು ಕಚ್ಚಿ ಹಿಡಿಯಲಾರದ ಆ ಬಾಯಿಗೆ, ಓಡಲಾರದ, ಕೊಂಬಿಲ್ಲದ, ಬಟ್ಟೆಯ ಗೋಡೆಯ ಹಿಂದೆ ದಣಿದು ಮಲಗಿದ್ದ ಮನುಷ್ಯನು ಸುಲಭವಾಗಿ ದೊರೆತನು. ಆ ಸಿಂಹಗಳ ಕಥೆ ಲೋಕಪ್ರಸಿದ್ಧವಾಗಿದೆ. ಅವುಗಳ ಬಾಯಿಗೆ ಹೋದವರಲ್ಲಿ ಬಹುಮಂದಿಯ ಹೆಸರೂ ಇಂದು ನಮಗೆ ತಿಳಿಯದು. ಇದು ನನ್ನನ್ನು ಇಂದಿಗೂ ಬಾಧಿಸುತ್ತದೆ. ನನ್ನ ಮೂರು ಮೊಳದ ಅಂತರದಲ್ಲಿ ನಿಂತಿದ್ದುದು ಹುಲ್ಲು ತಿನ್ನುವ ಪ್ರಾಣಿ, ಮತ್ತು ಮರುದಿನ ಬೆಳಿಗ್ಗೆ ನಾನು ಅಲ್ಲಿಂದ ಹೊರಡಬಹುದಾಗಿತ್ತು. ಅವರು ರಾತ್ರಿ ಕಳೆದೊಡನೆ ಹಳಿಯ ಕೆಲಸಕ್ಕೆ ಹೋಗಿ, ಸಂಜೆ ಅದೇ ಡೇರೆಗೆ ಮರಳಬೇಕಾಗಿತ್ತು.

ಕಿಲಿಮಂಜಾರೋವಿನ ಹಿಮವು ಬೆಳಗಿನ ಜಾವದಲ್ಲಿ ಮಾತ್ರ ಮೋಡಗಳಿಂದ ಹೊರಗೆ ತೋರುವ ಕೀನ್ಯಾದ ಅಂಬೊಸೆಲಿಯಲ್ಲಿ, ನನಗೆ ಆನೆಯೊಂದು ಅಂತರವನ್ನು ಅಳೆಯುವ ರೀತಿಯನ್ನು ಕಲಿಸಿತು. ನಾನು ಕಾಕನಕೋಟೆಯ ಕಾಡಿನ ಆನೆಗಳನ್ನು ಬಾಲ್ಯದಿಂದ ನೋಡಿದವನು. ಆದರೆ ಆಫ್ರಿಕದ ಆನೆಯ ಮುಂದೆ ಆ ಪರಿಚಯವು ಅರ್ಧಕ್ಕೇ ನಿಲ್ಲುತ್ತದೆ. ಇಲ್ಲಿ ಹೆಣ್ಣಿಗೂ ದಂತವುಂಟು. ಕಿವಿಗಳು ಬಿಚ್ಚಿಕೊಂಡಾಗ ತಲೆಯ ಎರಡು ಕಡೆಗೂ ಎರಡು ಬಾಗಿಲುಗಳು ತೆರೆದಂತಾಗುತ್ತದೆ. ಹದಿನಾಲ್ಕು ಆನೆಗಳ ಹಿಂಡೊಂದು ಜೌಗುನೆಲದಿಂದ ಎದ್ದು ನಮ್ಮ ಹಾದಿಯನ್ನು ಅಡ್ಡಹಾಯುತ್ತಿದ್ದಾಗ, ಹಿಂಡಿನ ಒಡತಿಯಾದ ಮುದಿಹೆಣ್ಣಾನೆ ಹಾದಿಯ ನಡುವೆ ನಿಂತು ನಮ್ಮತ್ತ ತಿರುಗಿತು. ನಮ್ಮ ನಡುವೆ ಆಗ ಹತ್ತು ಮಾರು. ಅದು ಕಿವಿಗಳನ್ನು ಹರಡಿ, ತಲೆಯನ್ನು ಒಮ್ಮೆ ಕೊಡಹಿ, ಧೂಳೆಬ್ಬಿಸಿ ನಾಲ್ಕು ಹೆಜ್ಜೆ ಮುಂದೆ ಬಂದಿತು. ಐದು ಮಾರು ಉಳಿಯಿತು. ಚಾಲಕನು ಇಂಜಿನನ್ನು ನಿಲ್ಲಿಸಿ ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡನು. ಇಂಜಿನಿನ ಸದ್ದು ಅಡಗಿದ ಮೇಲೆ ನನಗೆ ಕೇಳಿಸಿದುದು, ಕೇಳಿಸಿತೆನ್ನುವುದಕ್ಕಿಂತ ಎದೆಯಲ್ಲಿ ಅರಿವಾದುದು, ದೂರದ ಗುಡುಗಿನಂಥ ಒಂದು ನಡುಕ. ನಮ್ಮ ಕಿವಿಗೆ ಎಟುಕದಷ್ಟು ಮಂದ್ರವಾದ ಸ್ವರದಲ್ಲಿ ಆನೆಗಳು ತಮ್ಮೊಳಗೆ ಸಂಭಾಷಿಸುತ್ತವೆಂಬುದನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅದರ ಮೇಲ್ತುದಿ ಮಾತ್ರ ನಮ್ಮ ಕಿವಿಯನ್ನು ಮುಟ್ಟುತ್ತದೆ. ಆ ಮಾತಿಗೆ ಓಗೊಟ್ಟು ಹಿಂದಿನಿಂದ ಮರಿಯೊಂದು ಎರಡು ತಾಯಾನೆಗಳ ನಡುವೆ ಅವಸರದಿಂದ ಹಾದಿಯನ್ನು ದಾಟಿತು. ಅದು ದಾಟಿದುದನ್ನು ತಿಳಿದ ಮೇಲೆಯೇ ಒಡತಿಯು ಕಿವಿಗಳನ್ನು ಮಡಿಸಿ, ನಮಗೆ ಬೆನ್ನು ತೋರಿಸಿ ನಡೆಯಿತು.

ಅಷ್ಟು ಹೊತ್ತು ಅದು ನಮ್ಮಲ್ಲಿ ಏನನ್ನು ಓದುತ್ತಿತ್ತೆಂಬುದು ಕಲ್ಪನೆಯ ವಿಷಯವಲ್ಲ. ಸಿಂಥಿಯಾ ಮಾಸ್ ಎಂಬವರು 1972ರಿಂದ ನಡೆಸಿಕೊಂಡು ಬಂದಿರುವ ಅಧ್ಯಯನದ ಫಲವಾಗಿ ಅಂಬೊಸೆಲಿಯ ಆನೆಗಳ ವಂಶಾವಳಿಯೇ ಬರೆದಿಡಲ್ಪಟ್ಟಿದೆ. ಅಲ್ಲಿ ದನಕಾಯುವ ಮಸಾಯಿ ಯುವಕರು ಆಗಾಗ್ಗೆ ಆನೆಗಳ ಮೇಲೆ ಭರ್ಜಿಯನ್ನು ಪ್ರಯೋಗಿಸುವುದುಂಟು. ಬೇಸಾಯಗಾರರಾದ ಕಂಬಾ ಜನರಿಂದ ಅಷ್ಟು ಅಪಾಯವಿಲ್ಲ. ಮಸಾಯಿಗಳು ತೊಟ್ಟ ಬಟ್ಟೆಯ ವಾಸನೆಗೆ ಆನೆಗಳು ಕಂಬಾ ಜನರ ಬಟ್ಟೆಯ ವಾಸನೆಗಿಂತ ಬೇಗನೆ, ಹೆಚ್ಚು ದೂರಕ್ಕೆ ಓಡುವುವೆಂದು 2007ರಲ್ಲಿ ಪ್ರಕಟವಾಯಿತು. 2014ರ ಇನ್ನೊಂದು ಪ್ರಯೋಗದಲ್ಲಿ, ಅಗೋ ಆನೆಗಳ ಗುಂಪೊಂದು ಬರುತ್ತಿದೆ ಎಂಬ ಅರ್ಥದ ಒಂದೇ ಮಾತನ್ನು ಬೇರೆಬೇರೆ ಜನರ ಬಾಯಿಂದ ಹೇಳಿಸಿ, ಧ್ವನಿಮುದ್ರಿಸಿ, ಆನೆಗಳಿಗೆ ಕೇಳಿಸಿದರು. ಮಸಾಯಿ ಗಂಡಸಿನ ದನಿಗೆ ಹಿಂಡು ಒಟ್ಟುಗೂಡಿ ಹಿಂಜರಿಯಿತು. ಕಂಬಾ ಗಂಡಸಿಗೂ, ಮಸಾಯಿ ಹೆಂಗಸಿಗೂ, ಹುಡುಗನಿಗೂ ಅಷ್ಟಾಗಿ ಬೆದರಲಿಲ್ಲ. ಭಾಷೆಯನ್ನೂ, ಲಿಂಗವನ್ನೂ, ವಯಸ್ಸನ್ನೂ ದನಿಯಿಂದಲೇ ಬೇರ್ಪಡಿಸಿ, ಇವನಿಂದ ಇಷ್ಟು ಮಾರು ದೂರವಿರಬೇಕೆಂದು ಲೆಕ್ಕಹಾಕಬಲ್ಲ ಆ ಪ್ರಾಜ್ಞ ಜೀವಿಯ ಮುಂದೆ, ಕನ್ನಡದಲ್ಲಿ ಪಿಸುಗುಟ್ಟುತ್ತಿದ್ದ ನಾನು ಎಂಥ ಅಪರಿಚಿತ ಲಿಪಿಯಂತೆ ಕುಳಿತಿದ್ದೆನೋ ಎಂದು ಈಗಲೂ ಯೋಚಿಸುತ್ತೇನೆ.

ರುವಾಂಡಾದ ಪರ್ವತಗಳಲ್ಲಿ ಅಂತರದ ಅರ್ಥವೇ ತಿರುಗಿನಿಂತಿತು. ಆಲೂಗಡ್ಡೆಯ ಹೊಲಗಳು ಕಾಡಿನ ಕಲ್ಲುಗೋಡೆಯವರೆಗೂ ಹತ್ತಿಹೋಗಿರುವ ಆ ದಟ್ಟ ಜನವಸತಿಯ ದೇಶದಲ್ಲಿ, ಗೋಡೆಯನ್ನು ದಾಟಿ, ಬಿದಿರುಮೆಳೆಗಳ ನಡುವೆ, ಬಟ್ಟೆಯ ಮೇಲಿಂದಲೂ ಮೈಯನ್ನು ಸುಡುವ ತುರಿಕೆಗಿಡಗಳ ನಡುವೆ ಮೂರು ಗಂಟೆಗಳ ಕಾಲ ಹತ್ತಿದ ಮೇಲೆ ನಮ್ಮ ಎಂಟು ಮಂದಿಯ ಗುಂಪಿಗೆ ಗೊರಿಲ್ಲಗಳ ಕುಟುಂಬವೊಂದು ಕಾಣಿಸಿತು. ನೋಡಲು ಕೊಟ್ಟಿರುವ ಕಾಲ ಒಂದೇ ಗಂಟೆ. ಮೊದಲು ಏಳು ಮೀಟರ್ ದೂರದಲ್ಲಿ ನಿಲ್ಲಬೇಕೆಂಬ ಕಟ್ಟಳೆಯಿತ್ತು. ಕೊರೋನಾ ಕಾಲದ ತರುವಾಯ ಅದು ಹತ್ತು ಮೀಟರ್ ಆಯಿತು, ಮುಖಕ್ಕೆ ಮುಸುಕೂ ಬಂದಿತು. ನಮ್ಮ ಸಾಮಾನ್ಯ ನೆಗಡಿಯೂ ಅವುಗಳ ಶ್ವಾಸಕೋಶಕ್ಕೆ ಮಾರಕವಾಗಬಲ್ಲುದು. ಅಲ್ಲಿ ಅಂತರವನ್ನು ಕಾಯುವುದು ಮೃಗದಿಂದ ನಮ್ಮನ್ನು ರಕ್ಷಿಸಲು ಅಲ್ಲ, ನಮ್ಮ ಉಸಿರಿನಿಂದ ಮೃಗವನ್ನು ರಕ್ಷಿಸಲು.

ಆದರೆ ಗೊರಿಲ್ಲದ ಮಕ್ಕಳು ಕಟ್ಟಳೆಗಳನ್ನು ಅರಿಯವು. ಮರಿಯೊಂದು ಎದೆಯನ್ನು ಪಟಪಟನೆ ಬಡಿದುಕೊಳ್ಳುತ್ತ, ಹಿಂದಕ್ಕೆ ಉರುಳುತ್ತ, ನಮ್ಮತ್ತಲೇ ಬಂದಿತು. ನಾವು ಹಿಂದೆ ಸರಿದಷ್ಟೂ ಮುಂದೆ ಬಂದಿತು. ಬೆನ್ನ ತುಂಬ ಬೆಳ್ಳಿಯ ಕೂದಲಿದ್ದ ತಂದೆಯು ಕಾಡುಸೆಲರಿಯ ದಂಟನ್ನು ಸುಲಿಯುವುದನ್ನು ನಿಲ್ಲಿಸಿ, ಎದ್ದು, ಮುಷ್ಟಿಗಳ ಮೇಲೆ ಭಾರವನ್ನೂರಿ, ಇಕ್ಕಟ್ಟಾದ ಆ ಹಾದಿಯಲ್ಲಿ ನನ್ನ ಪಕ್ಕದಲ್ಲಿಯೇ ಹಾದುಹೋಯಿತು. ಕಾವಲುಗಾರನು ಗಂಟಲಿನಿಂದ ಎರಡು ಸಲ ದೀರ್ಘವಾಗಿ ಹೂಂಕರಿಸಿದನು. ನೆಮ್ಮದಿಯಿಂದಿರುವ ಗೊರಿಲ್ಲದ ದನಿಯ ಅನುಕರಣ ಅದು. ನಾನು ತುರಿಕೆಗಿಡಗಳೊಳಕ್ಕೆ ಒತ್ತಿಕೊಂಡು ನೆಲವನ್ನು ನೋಡುತ್ತಿದ್ದೆನು. ಅದರ ತೋಳಿನ ಕೂದಲು ನನ್ನ ಮೊಳಕಾಲನ್ನು ಸವರಿತು. ಬೆವರಿನ, ಹಸಿಯ ಸೊಪ್ಪಿನ, ಹೊಗೆಯಂಥ ಒಂದು ವಾಸನೆ ಬಹಳ ಹೊತ್ತು ಅಲ್ಲಿಯೇ ನಿಂತಿತ್ತು.

ಇದೇ ಪರ್ವತಗಳಲ್ಲಿ 1967ರಲ್ಲಿ ಡಯನ್ ಫಾಸಿ ತಮ್ಮ ಗೊರಿಲ್ಲ ಅಧ್ಯಯನಶಿಬಿರವನ್ನು ಹೂಡಿದರು. ಮೂರು ವರ್ಷಗಳ ತಾಳ್ಮೆಯ ತರುವಾಯ, 1970ರಲ್ಲಿ, ಪೀನಟ್ಸ್ ಎಂದು ಅವರು ಹೆಸರಿಟ್ಟಿದ್ದ ಗೊರಿಲ್ಲವೊಂದು ಕೈಚಾಚಿ ಅವರ ಕೈಯನ್ನು ಮುಟ್ಟಿತು. ಅವರಿಗೆ ಅತ್ಯಂತ ಪ್ರಿಯವಾಗಿದ್ದ ಡಿಜಿಟ್ 1977ರ ಕೊನೆಯ ದಿವಸ ಬೇಟೆಗಾರರ ಕೈಯಲ್ಲಿ ಸತ್ತಿತು. 1985ರಲ್ಲಿ ಕೊಲೆಯಾದ ಫಾಸಿಯ ಸಮಾಧಿಯೂ ಅದರ ಸಮಾಧಿಯ ಬಳಿಯಲ್ಲಿಯೇ ಇದೆ. 1981ರಲ್ಲಿ ವಿರುಂಗ ಪರ್ವತಶ್ರೇಣಿಯಲ್ಲಿ ಉಳಿದಿದ್ದ ಸುಮಾರು 250 ಗೊರಿಲ್ಲಗಳು 2016ರ ಹೊತ್ತಿಗೆ 604 ಆದವು. ನನ್ನ ಮೊಳಕಾಲನ್ನು ಸವರಿ ಹೋದ ಪ್ರಾಣಿ ಆ ಹೆಚ್ಚಳದಲ್ಲಿ ಒಂದು.

ಕೊನೆಯದಾಗಿ ಹೇಳಬೇಕಾದುದು ಒಂದು ಸಣ್ಣ ಹಕ್ಕಿಯ ವಿಷಯ. ಟಾಂಜಾನಿಯಾದ ಎಯಾಸಿ ಸರೋವರದ ಬಳಿ, ಇಂದಿಗೂ ಬೇಟೆಯಿಂದಲೂ ಗೆಡ್ಡೆ ಹಣ್ಣು ಜೇನುಗಳಿಂದಲೂ ಬದುಕುವ ಹಾಡ್ಜಾ ಜನರಲ್ಲಿ ಇಬ್ಬರೊಡನೆ ಮ್ಜೀ ಮತ್ತು ನಾನು ಒಂದು ಬೆಳಿಗ್ಗೆ ಹೊರಟೆವು. ಅವರಲ್ಲಿ ಹಿರಿಯನು ಕೊಳಲಿನಂತೆ ಏರಿ ಇಳಿಯುವ ಸಿಳ್ಳೊಂದನ್ನು ಹಾಕಿದನು. ಸ್ವಲ್ಪ ಹೊತ್ತಿನಲ್ಲಿಯೇ ಜಾಲಿಯ ಮರದಿಂದ ಬೆಂಕಿಪೊಟ್ಟಣವನ್ನು ಅಲುಗಾಡಿಸಿದಂಥ ಉತ್ತರ ಬಂದಿತು: ಬೂದುಗಂದು ಬಣ್ಣದ, ನಸುಗೆಂಪು ಕೊಕ್ಕಿನ, ಜೇನು ತೋರುವ ಹಕ್ಕಿ. ಅದನ್ನು ಯಾರೂ ಸಾಕಿದವರಿಲ್ಲ, ಪಳಗಿಸಿದವರಿಲ್ಲ. ಜೇನುಗೂಡು ಎಲ್ಲಿದೆಯೆಂಬುದು ಅದಕ್ಕೆ ಗೊತ್ತು. ಹೊಗೆ ಹಾಕಿ ಕೊಡಲಿಯಿಂದ ಪೊಟರೆಯನ್ನು ಒಡೆಯುವುದು ಮನುಷ್ಯನಿಗೆ ಗೊತ್ತು. ಮನುಷ್ಯನು ಬಿಟ್ಟ ಮೇಣವನ್ನು ಅದು ತಿನ್ನುತ್ತದೆ. ಮೊಜಾಂಬಿಕ್‌ನ ಯಾವೊ ಜನರು ಅದನ್ನು ಕರೆಯುವ ಕೂಗು ಬೇರೆ. ಆ ಕೂಗನ್ನು ಹಾಕಿದರೆ ಜೇನು ದೊರೆಯುವ ಸಂಭವವು ನೂರಕ್ಕೆ 17ರಿಂದ 54ಕ್ಕೆ ಏರುವುದೆಂದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿದ್ಧವಾಯಿತು.

ಹಕ್ಕಿಯು ನಾಲ್ಕೈದು ಮಾರು ಮುಂದಿನ ಕೊಂಬೆಯಲ್ಲಿ ಕುಳಿತು ಕರೆಯುವುದು. ನಾವು ಸಮೀಪಿಸಿದೊಡನೆ ಹಾರಿ, ಮತ್ತೆ ಅಷ್ಟೇ ದೂರದಲ್ಲಿ ಕುಳಿತು ಕಾಯುವುದು. ಹೀಗೆ ಅರ್ಧ ಗಂಟೆ ನಡೆದು ಬಂದು ನಿಂತುದು ಒಂದು ಬಾವೊಬಾಬ್ ಮರದ ಬುಡಕ್ಕೆ. ಅದರ ಆನೆಗಾಲಿನಂಥ ಬೊಡ್ಡೆಯನ್ನು ಕಂಡು ನನಗೆ ಒಡನೆಯೆ ಸವಣೂರು ನೆನಪಾಯಿತು. ಅಲ್ಲಿನ ಕಲ್ಮಠದ ಅಂಗಳದಲ್ಲಿ, ಯಾವ ಕಾಲದಲ್ಲಿ ಯಾರ ಕೈಯಿಂದಲೋ ಆಫ್ರಿಕದಿಂದ ಬಂದು ಬೇರೂರಿದ ಇದೇ ಜಾತಿಯ ಮರಗಳನ್ನು ನಮ್ಮ ಜನ ದೊಡ್ಡಹುಣಸೆ ಎಂದು ಕರೆಯುತ್ತಾರೆ. ಕಿರಿಯನು ಬೊಡ್ಡೆಗೆ ಗೂಟಗಳನ್ನು ಹೊಡೆದು, ಒಂದೊಂದರ ಮೇಲೂ ಕಾಲಿಡುತ್ತ ಹತ್ತಿ, ಹೊಗೆಯಾಡುವ ಕೊಳ್ಳಿಯನ್ನು ಪೊಟರೆಗೆ ಹಿಡಿದು, ಜೇನುತಟ್ಟಿಗಳನ್ನು ಕೆಳಕ್ಕಿಳಿಸಿದನು. ನನಗೂ ಒಂದು ತುಂಡು ದೊರೆಯಿತು. ಜೇನನ್ನು ಹೀರಿಕೊಂಡು ಮೇಣದ ಉಂಡೆಯನ್ನು ಅಂಗೈಯಲ್ಲಿ ಹಿಡಿದು, ಅದನ್ನು ಹಕ್ಕಿಗೆಂದು ಎಲೆಯ ಮೇಲೆ ಇಡಬೇಕೆಂದುಕೊಂಡೆನು. ಯಾವೊ ಜನರು ಹಾಗೆ ಮಾಡುವರೆಂದು ಕೇಳಿದ್ದೆನು.

ಹಿರಿಯನು ನನ್ನ ಕೈಯನ್ನು ನೋಡಿ ಮ್ಜೀಗೆ ಏನನ್ನೋ ಹೇಳಿದನು. ‘ಹೊಟ್ಟೆ ತುಂಬಿದರೆ ಅದು ಮತ್ತೆ ದಾರಿ ತೋರಿಸುವುದಿಲ್ಲವಂತೆ’ ಎಂದು ಮ್ಜೀ ನನಗೆ ತಿಳಿಸಿದರು. ‘ಅವರು ಅದನ್ನು ಸುಟ್ಟುಬಿಡುತ್ತಾರೆ. ಕೊಡಿ.’ ಕಾವಿಗೆ ಮೆತ್ತಗಾಗಿದ್ದ ಮೇಣವನ್ನು ಕೊಟ್ಟೆನು. ಹಿರಿಯನು ಅದನ್ನು ಬೆಂಕಿಗೆ ಹಾಕಿದನು. ನಾಲ್ಕೈದು ಮಾರು ಆಚೆಯ ಕೊಂಬೆಯಿಂದ ಹಕ್ಕಿಯು ಎಲ್ಲವನ್ನೂ ನೋಡುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅದು ಹಾರಿ ಮುಂದಿನ ಜಾಲಿಯ ಮೇಲೆ ಕುಳಿತು ಮತ್ತೆ ಕರೆಯಿತು. ಇಬ್ಬರೂ ಕೊಡಲಿಯನ್ನೆತ್ತಿಕೊಂಡು ಅದರ ಕಡೆಗೆ ನಡೆದರು.